ತನ್ನ ಮಾತು ತನಗಷ್ಟೇ ಅರ್ಥವಾಗುವ ಕಾರ್ಡ್

ಲ್ಯಾಪ್‌ಟಾಪ್‌ಗಳಿಂದ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಅಂದರೆ ಬಿಟ್‌ಗಳನ್ನು ಒಂದೊಂದಾಗಿ ಕಳುಹಿಸುವ ಹಳೆಯ ಸಂಪರ್ಕದ್ವಾರ, ಮರೆಯಾಗಿ ಬಹಳ ಕಾಲವಾಯಿತು. ಆದರೆ ಅದನ್ನೇ ನೆಚ್ಚಿಕೊಂಡ ಅಳತೆಯ ಉಪಕರಣಗಳು, ಕಾರ್ಖಾನೆಯ ನಿಯಂತ್ರಕಗಳು, ನೆಟ್‌ವರ್ಕ್ ಸ್ವಿಚ್‌ಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಸಂಪರ್ಕಕ್ಕಾಗಿ ಹಳೆಯ ಲ್ಯಾಪ್‌ಟಾಪ್‌ನ ಪಕ್ಕದ ಸ್ಲಾಟ್‌ಗೆ ಸೀರಿಯಲ್ ಪೋರ್ಟ್ ಒದಗಿಸುವ ಪಿಸಿ ಕಾರ್ಡನ್ನೋ ಎಕ್ಸ್‌ಪ್ರೆಸ್‌ಕಾರ್ಡನ್ನೋ ತೂರಿಸಿದಾಗ, ಕಾರ್ಡ್ ಇದೆಯೆಂದು ಕಂಪ್ಯೂಟರ್ ಒಪ್ಪಿಕೊಂಡು ಪೋರ್ಟ್‌ಗೆ ಹೆಸರನ್ನೂ ಕೊಟ್ಟ ಮೇಲೆ, ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿಯಷ್ಟೇ ಬಂದು ಬೀಳುವುದುಂಟು.

ಕಾರ್ಡ್ ಕಾಣಿಸಿತು ಎಂದರೆ ಸ್ಲಾಟ್‌ನ ಬದಿ ಸರಿಯಿದೆ ಎಂದಷ್ಟೇ ಅರ್ಥ. ಅದರಾಚೆಗೆ ಎರಡು ಹಂತಗಳಿವೆ: ಬೈಟ್‌ಗಳನ್ನು ಒಂದರ ಹಿಂದೊಂದು ಸಾಗುವ ಬಿಟ್‌ಗಳಾಗಿಸುವ ಯುಎಆರ್‌ಟಿ ಚಿಪ್, ಮತ್ತು ಆ ಬಿಟ್‌ಗಳನ್ನು ಆರ್‌ಎಸ್-232 ಮಾನಕದ ವೋಲ್ಟೇಜ್‌ಗೆ ಏರಿಸುವ ಇನ್ನೊಂದು ಚಿಪ್. 1960ರಲ್ಲಿ ರೂಪುಗೊಂಡ ಈ ಮಾನಕದಲ್ಲಿ ಒಂದು ಎಂಬುದು ಋಣ ವೋಲ್ಟೇಜ್, ಸೊನ್ನೆ ಎಂಬುದು ಧನ ವೋಲ್ಟೇಜ್. ಮೈನಸ್ 3 ಮತ್ತು ಪ್ಲಸ್ 3 ವೋಲ್ಟ್‌ಗಳ ನಡುವಿನದಕ್ಕೆ ಅರ್ಥವಿಲ್ಲ. ಸುಮ್ಮನಿರುವ ತಂತಿ ‘ಒಂದು’ ಎಂಬ ಸ್ಥಿತಿಯಲ್ಲೇ ನಿಂತಿರುವುದರಿಂದ, ಕಾರ್ಡಿನ 3ನೇ (ಕಳುಹಿಸುವ) ಮತ್ತು 5ನೇ (ಗ್ರೌಂಡ್) ಪಿನ್ನುಗಳ ನಡುವೆ ಮಲ್ಟಿಮೀಟರ್ ಹಿಡಿದರೆ ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಬೇಕು. ವಿದ್ಯುತ್ ಉಳಿಸಲು ಕೆಲವು ಕಾರ್ಡ್‌ಗಳು ಯಾವುದಾದರೂ ಪ್ರೋಗ್ರಾಂ ಪೋರ್ಟ್ ತೆರೆಯುವವರೆಗೂ ವೋಲ್ಟೇಜ್ ಏರಿಸುವ ಚಿಪ್ಪನ್ನು ಮಲಗಿಸಿರುತ್ತವೆ, ಆದ್ದರಿಂದ ಪ್ರೋಗ್ರಾಂನಲ್ಲಿ ಪೋರ್ಟ್ ತೆರೆದಿಟ್ಟೇ ಅಳೆಯಬೇಕು. ಆಗಲೂ ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ ಹಾಳಾಗಿರುವುದು ಕಾರ್ಡಿನ ಯಂತ್ರಭಾಗ. ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ಬದಲಿಸಿ ಫಲವಿಲ್ಲ.

ವೋಲ್ಟೇಜ್ ಸರಿಯಿದ್ದರೆ ಎಲ್ಲರೂ ಮಾಡುವ ಮುಂದಿನ ಪರೀಕ್ಷೆ ಲೂಪ್‌ಬ್ಯಾಕ್: ಪಡೆಯುವ 2ನೇ ಮತ್ತು ಕಳುಹಿಸುವ 3ನೇ ಪಿನ್ನುಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಕಳುಹಿಸಿದ್ದು ತಿರುಗಿ ಬರುವುದೇ ಎಂದು ನೋಡುವುದು. ಏನೂ ಬಾರದಿದ್ದರೆ ಅಥವಾ ಅಕ್ಷರಗಳು ತಡೆತಡೆದು ಬಂದರೆ ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಹಂಚಿಕೆಯ ಮೇಲೆ ಅನುಮಾನ ಪಡಬೇಕು. ಎಲ್ಲವೂ ಸರಿಯಾಗಿ ಬಂದರೆ ಕಾರ್ಡ್ ನಿರ್ದೋಷಿ ಎಂದು ತೀರ್ಮಾನಿಸಿ ಕೇಬಲ್ಲನ್ನೋ ಎದುರಿನ ಉಪಕರಣವನ್ನೋ ದೂರುವುದು ರೂಢಿ. ಈ ಪರೀಕ್ಷೆಯನ್ನು ಅಗತ್ಯಕ್ಕಿಂತ ಹೆಚ್ಚು ನಂಬಲಾಗುತ್ತಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಒಂದು ದೋಷವನ್ನು ಅದು ಪೂರ್ತಿಯಾಗಿ ಮುಚ್ಚಿಡುತ್ತದೆ.

ಸೀರಿಯಲ್ ಸಂವಹನದಲ್ಲಿ ಗಡಿಯಾರದ ಸಂಕೇತ ತಂತಿಯಲ್ಲಿ ಹೋಗುವುದಿಲ್ಲ. ಎರಡೂ ಬದಿಯವು ತಮ್ಮ ತಮ್ಮ ಸ್ಫಟಿಕ ಗಡಿಯಾರವನ್ನು ನಂಬಿ ಬಿಟ್‌ಗಳನ್ನು ಎಣಿಸುತ್ತವೆ. 1981ರ ಐಬಿಎಂ ಪಿಸಿಯಲ್ಲಿ ಬಳಕೆಗೆ ಬಂದ ಏರ್ಪಾಟಿನ ಪ್ರಕಾರ ಯುಎಆರ್‌ಟಿಗೆ 1.8432 ಮೆಗಾಹರ್ಟ್ಸ್ ಗಡಿಯಾರ. ಅದನ್ನು 16ರಿಂದ ಭಾಗಿಸಿದರೆ ಸೆಕೆಂಡಿಗೆ 1,15,200 ಬಿಟ್, ಮತ್ತೆ 12ರಿಂದ ಭಾಗಿಸಿದರೆ 9,600. ಹೆಚ್ಚಿನ ವೇಗಕ್ಕಾಗಿ ಹಲವು ವಿಸ್ತರಣಾ ಕಾರ್ಡ್‌ಗಳಲ್ಲಿ ಇದರ ಎಂಟರಷ್ಟು, ಅಂದರೆ 14.7456 ಮೆಗಾಹರ್ಟ್ಸ್ ಸ್ಫಟಿಕವಿರುತ್ತದೆ. ಕಾರ್ಡಿನ ಗುರುತು ಸಿಗದ ಡ್ರೈವರ್ ಹಳೆಯ ಲೆಕ್ಕವನ್ನೇ ಹಿಡಿದು 12 ಎಂಬ ಭಾಜಕವನ್ನು ಕೊಟ್ಟರೆ ಬಿಟ್‌ಗಳು 9,600ರ ಬದಲು 76,800ರ ವೇಗದಲ್ಲಿ ಹೊರಡುತ್ತವೆ. ಲೂಪ್‌ಬ್ಯಾಕ್‌ನಲ್ಲಿ ಕಳುಹಿಸುವುದೂ ಪಡೆಯುವುದೂ ಅದೇ ತಪ್ಪು ಗಡಿಯಾರದಿಂದ ನಡೆಯುವುದರಿಂದ ತಪ್ಪಿಗೆ ತಪ್ಪು ಹೊಂದಿಕೊಂಡು ಅಕ್ಷರಗಳು ಸರಿಯಾಗಿಯೇ ಮರಳುತ್ತವೆ. ಆದರೆ ಬೇರೆ ಗಡಿಯಾರವನ್ನು ನಂಬಿದ ಉಪಕರಣವು ಅಕ್ಷರದ ಆರಂಭವನ್ನು ಸೂಚಿಸುವ ಸ್ಟಾರ್ಟ್ ಬಿಟ್‌ನಿಂದ ಅದರ ಕೊನೆಯನ್ನು ಸೂಚಿಸುವ ಸ್ಟಾಪ್ ಬಿಟ್‌ನವರೆಗೆ ಅರ್ಧ ಬಿಟ್‌ನಷ್ಟು, ಅಂದರೆ ಸುಮಾರು ಶೇಕಡಾ 5ರಷ್ಟು ವ್ಯತ್ಯಾಸವನ್ನು ಮಾತ್ರ ತಾಳಿಕೊಳ್ಳಬಲ್ಲದು.

ಇದನ್ನು ಹಿಡಿಯಲು ಆಸಿಲೋಸ್ಕೋಪ್ ಬೇಕಿಲ್ಲ, ಕೈಗಡಿಯಾರ ಸಾಕು. ಎಂಟು ದತ್ತಾಂಶದ ಬಿಟ್‌ಗಳಿಗೆ ಸ್ಟಾರ್ಟ್ ಮತ್ತು ಸ್ಟಾಪ್ ಸೇರಿ ಒಂದು ಅಕ್ಷರಕ್ಕೆ ಹತ್ತು ಬಿಟ್‌ಗಳಾಗುವುದರಿಂದ 9,600ರ ವೇಗದಲ್ಲಿ ಸೆಕೆಂಡಿಗೆ 960 ಅಕ್ಷರಗಳು ಸಾಗಬೇಕು. 96,000 ಅಕ್ಷರಗಳ ಕಡತವೊಂದನ್ನು ಕಳುಹಿಸಿ, ಕೊನೆಯ ಅಕ್ಷರ ಲೂಪ್‌ಬ್ಯಾಕ್‌ನಲ್ಲಿ ಮರಳುವವರೆಗೆ ಎಣಿಸಿದರೆ 100 ಸೆಕೆಂಡು ಆಗಬೇಕು; ಕಳುಹಿಸುವ ಪ್ರೋಗ್ರಾಂ ಮುಗಿದ ಕ್ಷಣವನ್ನು ಲೆಕ್ಕಕ್ಕೆ ಹಿಡಿಯಬಾರದು, ಆಗ ಒಂದಷ್ಟು ಅಕ್ಷರಗಳು ಇನ್ನೂ ಬಫರ್‌ನಲ್ಲೇ ಕಾದಿರಬಹುದು. ನೂರರ ಬದಲು ಹನ್ನೆರಡೂವರೆ ಸೆಕೆಂಡಿನಲ್ಲೇ ಎಲ್ಲವೂ ಮರಳಿದರೆ ಎಂಟರಷ್ಟರ ತಪ್ಪು ಖಚಿತ. ಲಿನಕ್ಸ್‌ನಲ್ಲಾದರೆ ಸೆಟ್‌ಸೀರಿಯಲ್ ಆದೇಶದ ಮೂಲಕ ಆ ಪೋರ್ಟಿನ ಮೂಲ ವೇಗವನ್ನು 1,15,200ರಿಂದ 9,21,600ಕ್ಕೆ ಬದಲಿಸಿ, ಅದೇ ಕಡತವನ್ನು ಮತ್ತೆ ಕಳುಹಿಸಿ ನೂರು ಸೆಕೆಂಡು ಹಿಡಿಯಿತೆಂದು ಕಂಡ ಮೇಲೆ, ಲೂಪ್‌ಬ್ಯಾಕ್ ತಂತಿ ತೆಗೆದು ಉಪಕರಣವನ್ನು ಜೋಡಿಸಬಹುದು.