ಮಗುವಿನ ಮೊದಲ ಫಿಲ್ಲಿಂಗ್: ಪೆಡೋ (ಮಕ್ಕಳ ದಂತ ವಿಭಾಗ) ಪೋಸ್ಟಿಂಗ್‌ಗೆ ಹೋಗುವ ವಿದ್ಯಾರ್ಥಿಗಳಿಗೆ ಟಿಪ್ಪಣಿ

ಕೇಸ್ ಇದು: ಐದು ವರ್ಷದ ಮಗು, ತೂಕ 16 ಕೆ.ಜಿ., ಕೆಳಗಿನ ಎರಡನೇ ಹಾಲುದವಡೆ ಹಲ್ಲಿನ ಜಗಿಯುವ ಮೇಲ್ಮೈಯಲ್ಲಿ ಹುಳುಕು. ಹಿಂದೆ ಯಾವ ಚಿಕಿತ್ಸೆಯೂ ಆಗಿಲ್ಲ. ಅಮ್ಮನ ಸೆರಗು ಬಿಡುತ್ತಿಲ್ಲ.

ಇಂಥ ಮಗು ಅತ್ತಾಗ ಕೇಸ್ ಶೀಟಿನಲ್ಲಿ ‘ಹಟಮಾರಿ’ ಎಂದು ಬರೆದುಬಿಡುವುದು ಸುಲಭ. ಬರೆಯುವ ಮುನ್ನ ಎರಡು ವಿಷಯ ನೋಡಿ. ಮಗುವಿಗೆ ನೋವಾಯಿತೇ? ನಾವು ಹೇಳಿದ್ದೊಂದು, ಮಾಡಿದ್ದೊಂದು ಆಯಿತೇ? ಹೆಚ್ಚಿನ ಅಳುವಿನ ಹಿಂದೆ ಇವೆರಡರಲ್ಲಿ ಒಂದು ಇರುತ್ತದೆ, ಎರಡೂ ನಮ್ಮ ಕೈಯಲ್ಲೇ ಇರುವಂಥವು.

ಮೊದಲು ಇದು ಫಿಲ್ಲಿಂಗ್ ಕೇಸೇ ಹೌದೇ ಎಂದು ಖಚಿತಪಡಿಸಿಕೊಳ್ಳಿ. ರಾತ್ರಿ ನೋವಿಗೆ ಎಚ್ಚರವಾಗುವುದು, ತಾನಾಗಿ ಬರುವ ನೋವು, ವಸಡಿನಲ್ಲಿ ಕೀವುಗುಳ್ಳೆ, ಅಲುಗಾಟ ಇವುಗಳಲ್ಲಿ ಒಂದಿದ್ದರೂ ಸೋಂಕು ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳಗಳ ಭಾಗ) ಮುಟ್ಟಿದೆ ಎಂದೇ ಹಿಡಿಯಬೇಕು. ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕಿದ್ದರೆ ಬೈಟ್‌ವಿಂಗ್ ಎಕ್ಸ್‌ರೇ ಬೇಕೇ ಬೇಕು. ಅಲ್ಲಿ ಸಾದಾ ಜಿಐಸಿ (ಗ್ಲಾಸ್ ಅಯೊನೊಮರ್ ಸಿಮೆಂಟ್) ತುಂಬಿದರೆ ಅಂಚು ಮುರಿದು ಬೀಳುವುದೇ ಹೆಚ್ಚು. ಅಂಥ ಹಲ್ಲಿಗೆ ಹಾಲ್ (Hall) ವಿಧಾನದ ಸ್ಟೀಲ್ ಕ್ರೌನ್, ಅಂದರೆ ಹಲ್ಲಿಗೆ ತೊಡಿಸುವ ಲೋಹದ ಟೊಪ್ಪಿ, ಒಳ್ಳೆಯದು. ಅದಕ್ಕೆ ಇಂಜೆಕ್ಷನ್ನೂ ಬೇಡ, ಕೊರೆಯುವುದೂ ಬೇಡ. ಕಚ್ಚುವಾಗ ಸ್ವಲ್ಪ ಎತ್ತರ ಅನ್ನಿಸಿದರೂ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ.

ನಮ್ಮ ಕೇಸಿನಲ್ಲಿ ಇವೇನೂ ಇಲ್ಲ. ಹಾಗಾದರೂ ಮೊದಲ ದಿನವೇ ಏರೋಟರ್ (ಹಲ್ಲು ಕೊರೆಯುವ ಯಂತ್ರ) ಹಿಡಿಯಬೇಡಿ. ಮೊದಲ ಭೇಟಿಗೆ ಪರೀಕ್ಷೆ, ರಬ್ಬರ್ ಕಪ್‌ನಿಂದ ಹಲ್ಲುಜ್ಜುವುದು, ಫ್ಲೋರೈಡ್ ವಾರ್ನಿಷ್, ಇಷ್ಟು ಸಾಕು. ಬಾಯಲ್ಲಿ ಹಲವು ಹುಳುಕಿದ್ದರೆ ಅತಿ ಚಿಕ್ಕದರಿಂದ ಶುರುಮಾಡಿ, ಮರಗಟ್ಟಿಸದೆ ಮುಗಿಯುವಂಥದು ಸಿಕ್ಕರೆ ಅದೇ ಮೊದಲು. ದೊಡ್ಡ ಗುಂಡಿಯನ್ನೇ ಮೊದಲು ಮುಗಿಸಿಬಿಡೋಣ ಎಂಬ ಅವಸರ ವಿದ್ಯಾರ್ಥಿಗಳಲ್ಲಿ ಹೆಚ್ಚು, ಕೇಸುಗಳ ಕೋಟಾ ಮುಗಿಸುವ ಒತ್ತಡವೂ ಇರುತ್ತದೆ. ಆ ಒತ್ತಡ ಮಗುವಿನದಲ್ಲ. ಬೆಳಗಿನ ಹೊತ್ತು ಕರೆಸಿ, ಹಗುರವಾಗಿ ತಿಂಡಿ ತಿಂದು ಬರಲಿ, ಕೆಲಸ ಅರ್ಧ ಗಂಟೆಯೊಳಗೆ ಮುಗಿಯಲಿ. ಮಧ್ಯಾಹ್ನ ನಿದ್ದೆ ಮಾಡುವ ಮಗುವನ್ನು ಎರಡು ಗಂಟೆಗೆ ಕೂರಿಸಿದರೆ ಯಾವ ಉಪಾಯವೂ ನಡೆಯದು.

ಪೋಷಕರೊಂದಿಗೆ ಎರಡು ನಿಮಿಷ ಬೇರೆಯಾಗಿ ಮಾತಾಡುವುದನ್ನು ಬಿಡಬೇಡಿ. ‘ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ’ ಎಂಬ ಬೆದರಿಕೆ ನಮ್ಮ ಮನೆಗಳಲ್ಲಿ ದಿನನಿತ್ಯದ್ದು. ಅದಕ್ಕಿಂತ ಕೆಡುಕು ‘ಒಂಚೂರೂ ನೋವಾಗಲ್ಲ ಪುಟ್ಟ’ ಎಂಬ ಸಮಾಧಾನ, ಏಕೆಂದರೆ ಅದು ನೋವು ಎಂಬ ಮಾತನ್ನು ಮಗುವಿನ ತಲೆಗೆ ಹಾಕುತ್ತದೆ, ಚುಚ್ಚಿದೊಡನೆ ಸುಳ್ಳೂ ಆಗುತ್ತದೆ. ಅಮ್ಮ ಒಳಗೇ ಇರಬಹುದು, ಚಿಕ್ಕ ಮಕ್ಕಳಿಗಂತೂ ಇರಬೇಕು. ಆದರೆ ಮಾತಾಡುವುದು ಒಬ್ಬರೇ, ಅದು ಡಾಕ್ಟರ್ ಎಂದು ಮೊದಲೇ ತಿಳಿಸಿ. ಮೂವರು ಒಟ್ಟಿಗೆ ‘ಆ ಮಾಡು, ಆ ಮಾಡು’ ಎಂದರೆ ಮಗು ಯಾರ ಮಾತನ್ನೂ ಕೇಳುವುದಿಲ್ಲ.

ಹೇಳು-ತೋರಿಸು-ಮಾಡು ವಿಧಾನವನ್ನು 1959ರಲ್ಲಿ ಆಡಲ್‌ಸ್ಟನ್ ವಿವರಿಸಿದ್ದು ಎಲ್ಲರಿಗೂ ಬಾಯಿಪಾಠ. ಅದು ಕೈಕೊಡುವುದು ಎಲ್ಲಿ ಎಂಬುದನ್ನು ಕಲಿಯಬೇಕು. ಮೈಕ್ರೋಮೋಟರಿನ ರಬ್ಬರ್ ಕಪ್ಪನ್ನು ಮಗುವಿನ ಉಗುರಿನ ಮೇಲೆ ಓಡಿಸಿ ತೋರಿಸಿದಿರಿ, ಚೆನ್ನಾಗಾಯಿತು. ಆಮೇಲೆ ಬರ್ (ಕೊರೆಯುವ ಮೊನೆ) ಹುಡುಕಲು ಎದ್ದುಹೋದರೆ ಆ ಮೂರು ನಿಮಿಷದಲ್ಲಿ ಭಯ ಮರಳಿ ಬಂದು ಕೂರುತ್ತದೆ. ಟ್ರೇ ಪೂರ್ತಿ ಸಿದ್ಧವಾದ ಮೇಲೆಯೇ ಮಗುವನ್ನು ಕರೆಯಿರಿ; ತೋರಿಸಿದ್ದನ್ನು ತಕ್ಷಣ ಮಾಡಿ, ತೋರಿಸಿದಷ್ಟನ್ನೇ ಮಾಡಿ. ಏರೋಟರ್ ನೀರು ಚಿಮ್ಮಿಸುವ ಪಿಚಕಾರಿ, ಸಕ್ಷನ್ ನೀರು ಕುಡಿಯುವ ಆನೆ ಸೊಂಡಿಲು ಆಗಲಿ. ಸೂಜಿಯನ್ನು ಮಾತ್ರ ತೋರಿಸುವ ಪಟ್ಟಿಗೆ ಸೇರಿಸಬೇಡಿ.

‘ಇಂಜೆಕ್ಷನ್ ಇದೆಯಾ?’ ಎಂದು ಮಗುವೇ ಕೇಳಿದರೆ ಇಲ್ಲ ಅನ್ನಕೂಡದು. ‘ಹಲ್ಲಿಗೆ ನಿದ್ದೆ ಬರೋ ಔಷಧಿ ಹಾಕ್ತೀನಿ ಕಂದ, ಸ್ವಲ್ಪ ಚಿವುಟಿದ ಹಾಗಾಗುತ್ತೆ, ಆಗ ಕಾಲ್ಬೆರಳು ಅಲ್ಲಾಡಿಸು’ ಎನ್ನಿ. ‘ಬಾಯಿ ತೆಗೀತೀಯಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಯಾವ ಪೇಸ್ಟು, ಯಾವ ಕೈ ಎತ್ತುವುದು ಎಂಬಂಥ ನಿಜವಾದ ಆಯ್ಕೆಗಳನ್ನು ಮಾತ್ರ ಕೊಡಿ. ಕೈ ಎತ್ತಿದರೆ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದರೆ ಮೊದಲ ಸಲ ಎತ್ತಿದಾಗ ನಿಲ್ಲಿಸಲೇಬೇಕು, ಮಗು ಸುಮ್ಮನೆ ಪರೀಕ್ಷೆ ಮಾಡುತ್ತಿದೆ ಎಂದು ಗೊತ್ತಿದ್ದರೂ.

ಈಗ ಮರಗಟ್ಟಿಸುವುದು. ವಸಡನ್ನು ಗಾಜ್‌ನಿಂದ ಒರೆಸಿ ಒಣಗಿಸಿ, ಹತ್ತಿಯ ತುದಿಯಲ್ಲಿ ಮರಗಟ್ಟಿಸುವ ಜೆಲ್ ಸ್ವಲ್ಪವೇ ಹಚ್ಚಿ, ಒಂದರಿಂದ ಎರಡು ನಿಮಿಷ ಕಾಯಿರಿ. ಒದ್ದೆ ವಸಡಿಗೆ ಹಚ್ಚಿದ್ದು ಜೊಲ್ಲಿನ ಜೊತೆ ಹೋಗುತ್ತದೆ. ಸ್ಪ್ರೇ ಬೇಡ, ಗಂಟಲಿಗೆ ಹೋಗಿ ಕಹಿಯಾದೊಡನೆ ಮಗು ವಾಂತಿಗೆ ಬಂದು ಕೂತಿರುತ್ತದೆ. ಕೆಳಗಿನ ಎರಡನೇ ದವಡೆ ಹಲ್ಲಿಗೆ ಬ್ಲಾಕ್ (ನರದ ಬುಡದ ಬಳಿ ಚುಚ್ಚಿ ಆ ಕಡೆಯನ್ನು ಮರಗಟ್ಟಿಸುವುದು) ಭರವಸೆಯದು. ಹಾಲುಹಲ್ಲಿನ ವಯಸ್ಸಿನಲ್ಲಿ ನರ ಹೊಗುವ ರಂಧ್ರ ಹಲ್ಲುಗಳ ಜಗಿಯುವ ಮಟ್ಟಕ್ಕಿಂತ ಕೆಳಗಿರುವುದರಿಂದ, ದೊಡ್ಡವರಿಗೆ ಚುಚ್ಚುವ ಎತ್ತರದಲ್ಲೇ ಚುಚ್ಚಿದರೆ ಬ್ಲಾಕ್ ತಪ್ಪುತ್ತದೆ. ಸಿರಿಂಜಿನ ದಂಡವನ್ನು ಹಿಂದೆಳೆದು ರಕ್ತ ಬರುವುದಿಲ್ಲ ಎಂದು ನೋಡಿಕೊಂಡು, ನಿಮಿಷಕ್ಕೆ 1 ಮಿ.ಲೀ.ಗಿಂತ ವೇಗವಾಗಿ ಬಿಡಬೇಡಿ. ಸೂಜಿಗಿಂತ ಔಷಧಿಯ ಒತ್ತಡವೇ ಹೆಚ್ಚು ನೋಯಿಸುತ್ತದೆ.

ಲೆಕ್ಕ: ಮರಗಟ್ಟಿಸುವ ಔಷಧಿ ಲಿಗ್ನೊಕೇನ್ ಗರಿಷ್ಠ 4.4 ಮಿ.ಗ್ರಾಂ. ಪ್ರತಿ ಕೆ.ಜಿ.ಗೆ. 16 ಕೆ.ಜಿ.ಗೆ 70.4 ಮಿ.ಗ್ರಾಂ. 2% ದ್ರಾವಣದ 1 ಮಿ.ಲೀ.ಯಲ್ಲಿ 20 ಮಿ.ಗ್ರಾಂ. ಇರುವುದರಿಂದ ಮಿತಿ ಸುಮಾರು 3.5 ಮಿ.ಲೀ. ಬಾಟಲಿಯಿಂದ ಎಳೆದುಕೊಳ್ಳುವ ಕಡೆ ‘ಇನ್ನೊಂದು ಚೂರು’ ಎನ್ನುತ್ತಾ ಈ ಮಿತಿ ದಾಟಿಬಿಡುವುದು ಸುಲಭ, ಬಿಟ್ಟಿದ್ದನ್ನೆಲ್ಲ ಬರೆದಿಡಿ. ಮೂರರಿಂದ ಐದು ನಿಮಿಷ ಬಿಟ್ಟು ವಸಡನ್ನು ಪ್ರೋಬ್‌ನಿಂದ ಮೆಲ್ಲಗೆ ಒತ್ತಿ, ಮಗುವಿನ ಹುಬ್ಬು ನೋಡಿ. ‘ಮರಗಟ್ಟಿತಾ?’ ಎಂಬ ಪ್ರಶ್ನೆ ಐದು ವರ್ಷದ ಮಗುವಿಗೆ ಅರ್ಥವೇ ಆಗದು. ಮರಗಟ್ಟಿದ ಅನುಭವಕ್ಕೇ ಹೆದರಿ ಅಳುವ ಮಕ್ಕಳೂ ಉಂಟು. ಕನ್ನಡಿ ಕೊಟ್ಟು, ತುಟಿ ಊದಿಲ್ಲ ಎಂದು ತೋರಿಸಿ.

ಅಳುವನ್ನು ಓದುವುದು ಇಲ್ಲಿಂದ ಮುಂದಕ್ಕೆ ಮುಖ್ಯ. ಎಲ್ಸ್‌ಬಾಕ್ ಹೇಳಿದ ನಾಲ್ಕು ಬಗೆಗಳಲ್ಲಿ ಹಟದ ಅಳು ಜೋರು, ಕೈಕಾಲು ಬಡಿತದ್ದು. ಭಯದ ಅಳುವಿನಲ್ಲಿ ಕಣ್ಣೀರು ಧಾರೆ, ಬಿಕ್ಕಳಿಕೆ. ನೋವಿನ ಅಳು ಮೆಲ್ಲಗಿರಬಹುದು. ಕಣ್ಣಂಚಿನಲ್ಲಿ ಒಂದು ಹನಿ, ಬಿಗಿದ ಹಿಡಿ, ಅಷ್ಟೇ. ಸದ್ದಿಲ್ಲದ ಕಾರಣ ನಾವು ಕಾಣದೆ ಹೋಗುವುದು ಇದನ್ನೇ, ಆಗ ಕೈ ನಿಲ್ಲಿಸಿ ಮತ್ತೆ ಮರಗಟ್ಟಿಸಬೇಕು. ನಾಲ್ಕನೆಯದು ಅಳುವೇ ಅಲ್ಲ, ಏರೋಟರ್ ಸದ್ದನ್ನು ಮುಚ್ಚಲು ಮಗು ಎಳೆಯುವ ಒಂದೇ ಸಮನೆಯ ‘ಊಂ’ ರಾಗ. ಯಂತ್ರ ನಿಂತರೆ ರಾಗವೂ ನಿಲ್ಲುತ್ತದೆ. ಅದನ್ನು ಗದರಿ ನಿಲ್ಲಿಸಬೇಡಿ, ಮಗು ತಾನೇ ಕಂಡುಕೊಂಡ ಧೈರ್ಯ ಅದು.

ಏರೋಟರ್ ಬೇಕಾಗುವುದು ಹುಳುಕಿನ ಗುಂಡಿಯ ಬಾಯಿ ಅಗಲಿಸಲಷ್ಟೇ, ಐದೈದು ಸೆಕೆಂಡು ಬಿಟ್ಟುಬಿಟ್ಟು. ಮೆತ್ತಗಾದ ಹುಳುಕನ್ನು ಸ್ಪೂನ್ ಎಕ್ಸ್‌ಕವೇಟರ್‌ನಿಂದ ತೆಗೆಯಿರಿ, ಅಂಚುಗಳನ್ನು ಪೂರ್ತಿ ಸ್ವಚ್ಛಮಾಡಿ. ಹಾಲುದವಡೆ ಹಲ್ಲಿನ ಎನಾಮಲ್ ಸುಮಾರು 1 ಮಿ.ಮೀ. ಮಾತ್ರ, ಪಲ್ಪ್ ಕೊಂಬು ಮುಂಭಾಗದಲ್ಲಿ ಎತ್ತರಕ್ಕಿರುತ್ತದೆ. ತಳದಲ್ಲಿ ಬಣ್ಣವೆಲ್ಲ ಹೋಗಲಿ ಎಂದು ಕೆರೆಯಹೋದರೆ ಪಲ್ಪ್ ತೆರೆದುಕೊಳ್ಳುತ್ತದೆ. 10% ಪಾಲಿಅಕ್ರಿಲಿಕ್ ಆಮ್ಲವನ್ನು ಹತ್ತು ಸೆಕೆಂಡು ಹಚ್ಚಿ ತೊಳೆದು, ಹತ್ತಿಯಿಂದ ಒತ್ತಿ ತೇವ ತೆಗೆಯಿರಿ, ಗಾಳಿ ಊದಿ ಬಿಸಿಲಲ್ಲಿಟ್ಟ ಹಪ್ಪಳದಂತೆ ಒಣಗಿಸಬೇಡಿ. ಜಿಐಸಿ ಹೊಳಪಿರುವಾಗಲೇ ಹಲ್ಲಿಗೆ ಹೋಗಬೇಕು. ಹೊಳಪು ಹೋದದ್ದು ಅಂಟುವುದಿಲ್ಲ. ವ್ಯಾಸಲಿನ್ ಸವರಿದ ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಜೊಲ್ಲು ಬಂದರೆ ಎಲ್ಲ ಕೆಟ್ಟಿತು, ಹಾಗಾಗಿ ಕಾಟನ್ ರೋಲ್ ಬದಲಿಸಲು ಜೊತೆಗಾರರೊಬ್ಬರು ಇರಲಿ.

ಹೊಗಳುವಾಗ ‘ಗುಡ್ ಬಾಯ್’ ಸಾಲದು. ‘ಔಷಧಿ ಹಾಕುವಾಗ ಬಾಯಿ ಅಗಲವಾಗಿ ಇಟ್ಟುಕೊಂಡಿದ್ದೆ’ ಎಂದರೆ ಮುಂದಿನ ಸಲ ಅದನ್ನೇ ಮಾಡುತ್ತದೆ.

ಏನು ಮಾಡಿದರೂ ಫ್ರ್ಯಾಂಕಲ್ 1ರಲ್ಲೇ (ಮಗುವಿನ ಸಹಕಾರ ಅಳೆಯುವ ಪಟ್ಟಿಯ ಅತಿ ಕೆಳಗಿನ ಹಂತ) ಇದ್ದು, ಮುಟ್ಟಲು ಬಿಡದೆ ಕಿರುಚುವ ಮಗುವನ್ನು ನಾಲ್ವರು ಹಿಡಿದು ಫಿಲ್ಲಿಂಗ್ ಮಾಡುವುದು ಬೇಡ, ತುರ್ತು ಇಲ್ಲದಿದ್ದರಂತೂ ಖಂಡಿತ ಬೇಡ. 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿ ಹುಳುಕಿನ ಓಟ ತಡೆದು, ಕೆಲವು ತಿಂಗಳು ಗಳಿಸಿಕೊಳ್ಳಬಹುದು. ಹುಳುಕಿನ ಜಾಗ ಕಪ್ಪಾಗುತ್ತದೆ ಎಂದು ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. ಅದೂ ಆಗದ, ತುಂಬ ಹಲ್ಲು ಹಾಳಾದ ಮಗುವಿಗೆ ಸೆಡೇಶನ್ ಅಥವಾ ಪೂರ್ಣ ಅರಿವಳಿಕೆಯ ಮಾತು ತೆಗೆಯಬೇಕು, ಅದು ಸೀನಿಯರ್‌ಗಳ ನಿರ್ಧಾರ.

ಕಳಿಸುವ ಮುನ್ನ ಅಮ್ಮನಿಗೆ ಬರೆದು ಕೊಡಿ: ಒಂದು ಗಂಟೆ ಆ ಕಡೆ ಜಗಿಯುವುದು ಬೇಡ, ಮರಗಟ್ಟುವಿಕೆ ಎರಡು-ಮೂರು ಗಂಟೆ ಅಥವಾ ಇನ್ನೂ ಹೆಚ್ಚು ಇರುತ್ತದೆ, ಅಲ್ಲಿಯವರೆಗೆ ತುಟಿ ಕಚ್ಚದಂತೆ, ಚೀಪದಂತೆ ಕಣ್ಣಿಡಬೇಕು. ಕಚ್ಚಿಕೊಂಡರೆ ಮರುದಿನ ತುಟಿ ಊದಿ ಬಿಳಿ ಪದರ ಕಾಣುತ್ತದೆ. ಕೀವು ಎಂದು ಹೆದರಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತರುವವರಿದ್ದಾರೆ. ಸಾಮಾನ್ಯವಾಗಿ ಅದರ ಅಗತ್ಯವಿಲ್ಲ, ವ್ಯಾಸಲಿನ್ ಸವರುತ್ತಿದ್ದರೆ ವಾರ ಹತ್ತು ದಿನದಲ್ಲಿ ಮಾಯುತ್ತದೆ.