ಪರೀಕ್ಷೆ 1997ರಲ್ಲಿ, ಉತ್ತರ 2012ರಲ್ಲಿ

ಬೆಲ್ಜಿಯಂನ ಮನಶ್ಶಾಸ್ತ್ರಜ್ಞ ಫಿಲಿಪ್ ಲೀವೆನ್ಸ್ ಅವರ ಪ್ರಬಂಧಗಳ ಪಟ್ಟಿ ಬಹಳ ಉದ್ದ. ಕೆಲಸಕ್ಕೆ ಜನರನ್ನು ಆರಿಸೋದು ಹೇಗೆ ಅನ್ನೋದು ಅವರ ಮುಖ್ಯ ವಿಷಯ. ಅದರಲ್ಲಿ ಮೆಡಿಕಲ್ ಸೀಟಿಗೆ ಸಂಬಂಧಪಟ್ಟವನ್ನಷ್ಟೇ ಹೆಕ್ಕಿ ಇಸವಿ ನೋಡಿ: 2002, 2005, 2006, 2009, 2012. ಒಂದು ಪ್ರವೇಶ ಪರೀಕ್ಷೆ ಬರೆದ ಹುಡುಗ ಹುಡುಗಿಯರನ್ನು ಅವರು ಡಾಕ್ಟರಾಗಿ ಕೆಲಸಕ್ಕೆ ಕೂರುವವರೆಗೂ ಬೆನ್ನು ಬಿಡದೆ ನೋಡಿದ ಲೆಕ್ಕ ಅದು.

ಸಮಸ್ಯೆ ಹಳೆಯದು. 1920ರ ದಶಕದಲ್ಲಿ ಅಮೆರಿಕದ ಮೆಡಿಕಲ್ ಕಾಲೇಜುಗಳಿಗೆ ಸೇರಿದವರಲ್ಲಿ ಎಷ್ಟೋ ಜನ ಅರ್ಧಕ್ಕೇ ಓದು ಬಿಡುತ್ತಿದ್ದರು. ಅದಕ್ಕೆ ಮದ್ದು ಅಂತ 1928ರಲ್ಲಿ ಫ್ರೆಡ್ ಮಾಸ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆ ಮಾಡಿದರು. ಅಮೆರಿಕದ ಇವತ್ತಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ಗೆ ಅದೇ ಅಜ್ಜ. ಓದಿನಲ್ಲಿ ಯಾರು ನಿಲ್ಲುತ್ತಾರೆ ಅಂತ ಇಂಥ ಪರೀಕ್ಷೆ ಸುಮಾರಾಗಿ ಹೇಳುತ್ತದೆ. ರೋಗಿಯ ಎದುರು ಕೂತು ಯಾರು ಚೆನ್ನಾಗಿ ಮಾತಾಡುತ್ತಾರೆ ಅಂತ ಹೇಳೋದಿಲ್ಲ. ಆ ಭಾಗವನ್ನು ಸಂದರ್ಶನಕ್ಕೆ ಬಿಟ್ಟರು.

ಸಂದರ್ಶನದ ಬಣ್ಣ ಬಯಲಾಗಿದ್ದು ಹ್ಯೂಸ್ಟನ್‌ನಲ್ಲಿ, ಅದೂ ಆಕಸ್ಮಿಕವಾಗಿ. 1979ರಲ್ಲಿ ಟೆಕ್ಸಸ್ ಶಾಸನಸಭೆ ಅಲ್ಲಿನ ಮೆಡಿಕಲ್ ಕಾಲೇಜಿಗೆ ಇನ್ನೂ 50 ಸೀಟು ಸೇರಿಸಿ ಅಂತ ಹೇಳಿತು. 150 ಜನರ ಆಯ್ಕೆ ಆಗಲೇ ಮುಗಿದಿತ್ತು, ಒಳ್ಳೆಯವರು ಅನ್ನಿಸಿಕೊಂಡವರೆಲ್ಲ ಬೇರೆ ಕಡೆ ಸೇರಿಬಿಟ್ಟಿದ್ದರು. ಉಳಿದಿದ್ದು ಸಂದರ್ಶನದ ನಂತರ ಪಟ್ಟಿಯ ತಳಕ್ಕೆ ಬಿದ್ದವರು. ಅವರನ್ನೇ ತಗೊಂಡರು. ಆಮೇಲೆ ಹೋಲಿಸಿ ನೋಡಿದರೆ, ಓದಿನಲ್ಲೂ ಆಸ್ಪತ್ರೆಯ ತರಬೇತಿಯಲ್ಲೂ ಎರಡು ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ! ಇದು 1987ರಲ್ಲಿ ಪ್ರಕಟವಾಯಿತು.

ಹಾಗಾದರೆ ನಡವಳಿಕೆಯನ್ನು ಅಳೆಯೋದು ಹೇಗೆ? ಡಾಕ್ಟರುಗಳ ಸಂಖ್ಯೆಗೆ ಮಿತಿ ಹಾಕಲು ಹೊರಟಿದ್ದ ಬೆಲ್ಜಿಯಂನಲ್ಲಿ, ಡಚ್ ಮಾತಾಡುವ ಫ್ಲಾಂಡರ್ಸ್ 1997ರಲ್ಲಿ ಪ್ರವೇಶ ಪರೀಕ್ಷೆ ಶುರು ಮಾಡಿತು. ವಿಜ್ಞಾನದ ಪ್ರಶ್ನೆಗಳ ಜೊತೆಗೆ ಅಲ್ಲಿ ಒಂದು ವಿಚಿತ್ರ ಭಾಗವೂ ಇತ್ತು. ಡಾಕ್ಟರ್ ಮತ್ತು ರೋಗಿ ಮಾತಾಡುವ ವಿಡಿಯೋ ಹಾಕುತ್ತಾರೆ. ಮಾತು ಇಕ್ಕಟ್ಟಿಗೆ ಬಂದಾಗ ದೃಶ್ಯ ಥಟ್ಟನೆ ನಿಲ್ಲುತ್ತದೆ. ಈಗ ಡಾಕ್ಟರ್ ಏನು ಮಾಡಿದರೆ ಸರಿ? ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ವೈದ್ಯಕೀಯ ಜ್ಞಾನ ಏನೂ ಬೇಕಿಲ್ಲ.

ಇದು ಕೆಲಸ ಮಾಡುತ್ತಾ ಅಂತ ಹುಡುಕುವ ಕೆಲಸಕ್ಕೆ ಆಗ ಘೆಂಟ್ ವಿಶ್ವವಿದ್ಯಾಲಯದಲ್ಲಿದ್ದ ಲೀವೆನ್ಸ್ ಇಳಿದರು. ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು 2005ರ ಪ್ರಬಂಧ. ವಿಡಿಯೋ ಪರೀಕ್ಷೆಯ ಅಂಕವನ್ನು ಕಾಲೇಜಿನ ಒಟ್ಟು ಅಂಕದ ಪಕ್ಕ ಇಟ್ಟರೆ, ಇದು ದಂಡ ಅಂತಲೇ ಅನ್ನಿಸುತ್ತದೆ. ಆದರೆ ಒಟ್ಟು ಅಂಕದಲ್ಲಿ ಅಂಗರಚನೆ, ಜೀವರಸಾಯನಶಾಸ್ತ್ರ ಇಂಥವೇ ಜಾಸ್ತಿ ಇರುತ್ತವೆ, ಅವಕ್ಕೂ ರೋಗಿಯ ಜೊತೆ ಮಾತಾಡೋದಕ್ಕೂ ಏನು ಸಂಬಂಧ, ಅಲ್ವಾ? ಜನರೊಂದಿಗೆ ವ್ಯವಹರಿಸುವ ವಿಷಯಗಳ ಅಂಕವನ್ನು ಮಾತ್ರ ಬೇರೆ ಮಾಡಿ ನೋಡಿದಾಗ ಪರೀಕ್ಷೆಯ ಬೆಲೆ ಗೊತ್ತಾಯಿತು. ಇಷ್ಟು ಸರಳ ವಿಷಯ. ಆದರೂ ಅದನ್ನು ಬಿಡಿಸಿ ತೋರಿಸೋಕೆ ಒಬ್ಬರು ಬೇಕಾಯಿತು.

ಮರುವರ್ಷ ಇನ್ನೊಂದು. ಅಮೆರಿಕದ ಪಾಲ್ ಸ್ಯಾಕೆಟ್ ಜೊತೆ ಸೇರಿ, ಅವೇ ಸಂಭಾಷಣೆಗಳನ್ನು ಕಾಗದದ ಮೇಲೆ ಕೊಟ್ಟರೆ ಏನಾಗುತ್ತದೆ ಅಂತ ನೋಡಿದರು. ವಿಡಿಯೋ ಮಾಡೋದು ದುಬಾರಿ, ಕಾಗದ ಅಗ್ಗ. ಆದರೆ ಕಾಗದಕ್ಕೆ ಬಂದ ಕೂಡಲೇ ಪರೀಕ್ಷೆಯ ಶಕ್ತಿ ಕುಗ್ಗಿತು. ಮುಖಭಾವವೂ ದನಿಯೂ ಇಲ್ಲದ ಮೇಲೆ ಅದು ಮತ್ತೆ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯೇ ಆಯ್ತು ಅನ್ನಿ.

2009ರ ಪ್ರಬಂಧ ಸ್ವಭಾವದ ಬಗ್ಗೆ. 1997ರಲ್ಲಿ ಸೇರಿದವರನ್ನು ಏಳು ವರ್ಷ ನೋಡಿದ್ದರು. ಶ್ರದ್ಧೆಯಿಂದ, ಅಚ್ಚುಕಟ್ಟಾಗಿ ಕೆಲಸ ಮಾಡುವ ಗುಣಕ್ಕೂ ಅಂಕಗಳಿಗೂ ಇರುವ ನಂಟು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು) ಮೊದಲು 0.18 ಇತ್ತು, ಕೊನೆಗೆ 0.45 ಆಯಿತು. ಮೊದಲ ವರ್ಷದ ಫಲಿತಾಂಶ ನೋಡಿ ಸ್ವಭಾವಕ್ಕೂ ಮೆಡಿಕಲ್ ಓದಿಗೂ ಸಂಬಂಧ ಇಲ್ಲ ಅಂತ ಕೈತೊಳೆದುಕೊಂಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

ಕೊನೆಗೆ 2012. ಮತ್ತೆ ಸ್ಯಾಕೆಟ್ ಜೊತೆ. ಪ್ರವೇಶದ ದಿನ ವಿಡಿಯೋ ನೋಡಿ ಕೊಟ್ಟ ಉತ್ತರಗಳಿಗೂ ಏಳು ವರ್ಷದ ನಂತರ ಇಂಟರ್ನ್‌ಶಿಪ್‌ನಲ್ಲಿ, ಒಂಬತ್ತು ವರ್ಷದ ನಂತರ ಕೆಲಸದಲ್ಲಿ ಮೇಲಿನವರು ಕೊಟ್ಟ ಅಂಕಗಳಿಗೂ ನಂಟು ಇತ್ತು. ದೊಡ್ಡ ನಂಟೇನಲ್ಲ, ಆದರೆ ಬುದ್ಧಿಯ ಪರೀಕ್ಷೆ ಹೇಳದೆ ಬಿಟ್ಟಿದ್ದನ್ನು ಇದು ಸ್ವಲ್ಪ ಹೇಳಿತು. ಮರುವರ್ಷ, 2013ರಲ್ಲಿ, ಬ್ರಿಟನ್ನಿನ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲೂ ಇಂಥದೇ ಒಂದು ಭಾಗ ಸೇರಿತು, ಅದೂ ಬರಹದ ರೂಪದಲ್ಲಿ!

ಒಂದು ವಿಷಯ ಮರೆಯಬಾರದು. ಆ ಒಂಬತ್ತು ವರ್ಷದ ಲೆಕ್ಕದಲ್ಲಿ ಇದ್ದವರು ಕುಟುಂಬ ವೈದ್ಯರಾದವರು ಮಾತ್ರ. ಸರ್ಜನ್, ಹೃದಯ ತಜ್ಞ ಆಗಲು ಹೊರಟಿದ್ದವರು ಆಗ ಇನ್ನೂ ಓದುತ್ತಲೇ ಇದ್ದರು.