ಮಕ್ಕಳಿಂದ ಕತೆ ಹೇಳಿಸುವುದು: ಸಾಲು ಯಾವುದು, ಸರಪಳಿ ಯಾವುದು?

ಪುಟ್ಟ ಮಕ್ಕಳಿಗೆ ಕತೆ ಹೇಳುವುದು ಬೇರೆ, ಅವರ ಬಾಯಿಂದ ಕತೆ ಹೇಳಿಸುವುದು ಬೇರೆ. ಈ ಟಿಪ್ಪಣಿ ಎರಡನೆಯದರ ಬಗ್ಗೆ. ಗೊಂಬೆ, ಚಿತ್ರಪಟ, ದನಿಯ ಏರಿಳಿತ ಎಲ್ಲ ನಿಮಗೆ ಗೊತ್ತಿರುತ್ತೆ, ಬಿಡಿ.

ಎರಡರಿಂದ ಐದು ವರ್ಷದ ಮಕ್ಕಳು ಹೇಳಿದ ಕತೆಗಳನ್ನು ಶಿಕ್ಷಣ ಸಂಶೋಧಕ ಆರ್ಥರ್ ಆ್ಯಪಲ್‌ಬೀ 1978ರಲ್ಲಿ ಆರು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದು ರಾಶಿ: ನಾಯಿ, ಬಸ್ಸು, ಅಜ್ಜಿ, ಒಂದಕ್ಕೊಂದು ಸಂಬಂಧವೇ ಇಲ್ಲ. ಕೊನೆಯದು ಪೂರ್ತಿ ಕತೆ. ಇವೆರಡು ಸುಲಭ. ನಡುವೆ ಬರುವ 'ಸಾಲು' ಮತ್ತು 'ಸರಪಳಿ' ಹಂತಗಳು ಮಾತ್ರ ನನ್ನ ತಲೆಗೆ ಬೇಗ ಹತ್ತಲಿಲ್ಲ. ಅದನ್ನೇ ಬಿಡಿಸಿ ಬರೆಯುತ್ತೇನೆ.

ಕಾಗಕ್ಕ ಗುಬ್ಬಕ್ಕನ ಕತೆ ತಗೊಳ್ಳಿ. ಮಗು ಹೇಳಿತು ಅಂದುಕೊಳ್ಳಿ: "ಕಾಗೆ ಮನೆ ಕಟ್ತು. ಕಾಗೆ ಊಟ ಮಾಡ್ತು. ಕಾಗೆ ಹಾರ್ತು." ಮೂರರಲ್ಲೂ ಕಾಗೆ ಇದೆ. ಆದರೆ ಹಿಂದುಮುಂದು ಮಾಡಿದರೂ ಏನೂ ಕೆಡುವುದಿಲ್ಲ. ಇದು ಸಾಲು.

"ಮಳೆ ಬಂತು, ಸಗಣಿ ಮನೆ ಕರಗೋಯ್ತು, ಅದಕ್ಕೇ ಕಾಗೆ ಗುಬ್ಬಿ ಮನೆ ಬಾಗಿಲು ತಟ್ಟಿತು." ಇದನ್ನು ಅದಲುಬದಲು ಮಾಡಿ ನೋಡಿ, ಆಗಲ್ಲ ಅಲ್ವಾ? ಇದು ಸರಪಳಿ.

ಸರಪಳಿಯಲ್ಲೂ ಎರಡು ಬಗೆ. "ಕಾಗೆ ಬಾಗಿಲು ತಟ್ಟಿತು, ಗುಬ್ಬಿ ಮರಿ ಎದ್ದು ಅತ್ತಿತು, ಅಳು ಕೇಳಿ ಬೆಕ್ಕು ಬಂತು, ಬೆಕ್ಕನ್ನ ನಾಯಿ ಓಡಿಸ್ತು." ಕೊಂಡಿಗಳು ಗಟ್ಟಿ ಇವೆ, ಕಾಗೆ ಮಾತ್ರ ನಾಪತ್ತೆ. ಇದು ಕೇಂದ್ರವಿಲ್ಲದ ಸರಪಳಿ. ಕಾಗೆ ಕೊನೆವರೆಗೂ ಉಳಿದರೆ ಕೇಂದ್ರವಿರುವ ಸರಪಳಿ. ಹಾಗಾಗಿ ಮೊದಲು ವಾಕ್ಯಗಳನ್ನು ಅದಲುಬದಲು ಮಾಡಿ ನೋಡಿ, ಆಮೇಲೆ ಶುರುವಿನ ಪಾತ್ರ ಕೊನೆಯಲ್ಲೂ ಇದೆಯಾ ಹುಡುಕಿ. ನಾನು ಈಗ ಪ್ರತಿ ಕತೆಗೂ ಇಷ್ಟೇ ಮಾಡುವುದು.

ಯಾವ ಹಂತ ಅಂತ ಗೊತ್ತಾದರೆ ಯಾವ ಪ್ರಶ್ನೆ ಕೇಳಬೇಕು ಅನ್ನೋದೂ ಗೊತ್ತಾಗುತ್ತೆ. ನಾವೆಲ್ಲ ಸುಮ್ನೆ "ಆಮೇಲೆ?" ಅಂತೀವಿ. ಅದರಿಂದ ಸಾಲು ಉದ್ದವಾಗುತ್ತೆ, ಅಷ್ಟೇ. ಸಾಲು ಹೇಳುವ ಮಗುವಿಗೆ "ಕಾಗೆ ಯಾಕೆ ಅಲ್ಲಿಗೇ ಹೋಯ್ತು?" ಬೇಕು. ಕಾಗೆ ಕಳೆದುಹೋಗಿದ್ದರೆ "ಅಷ್ಟೊತ್ತಿಗೆ ಕಾಗೆ ಏನ್ ಮಾಡ್ತಿತ್ತು?" ಅಂತ ಕೇಳಿ. ಕೇಳಿ ಸುಮ್ಮನಿರಿ. ಉತ್ತರ ನಾವೇ ಹೇಳಿಬಿಟ್ಟರೆ ಕೊಂಡಿ ನಮ್ಮದಾಗುತ್ತೆ, ಮಗುವಿನದಲ್ಲ.

ಮಾತೇ ಆಡದ ಮಗುವಿಗೆ ಗುಬ್ಬಕ್ಕ ಬಾಗಿಲು ತೆಗೆಯದೆ ಹೇಳುವ ನೆಪ ಕೊಡಿ. "ತಾಳು, ಮರಿಗೆ ಸ್ನಾನ ಮಾಡಿಸ್ತಿದೀನಿ" ಆದಮೇಲೆ ಇನ್ನೊಂದು ನೆಪ ಸೇರಿಸಲಿ ಸಾಕು.

ಇನ್ನೊಂದು, ಅಮೆರಿಕದ ಶಿಕ್ಷಕಿ ವಿವಿಯನ್ ಪೇಲಿ ಮಾಡುತ್ತಿದ್ದ ಕ್ರಮ. ಮಗು ಹೇಳಿದ್ದನ್ನು ಅದರ ಮಾತಲ್ಲೇ ಬರೆದುಕೊಂಡು, ಮಕ್ಕಳಿಂದಲೇ ಅಭಿನಯ ಮಾಡಿಸುವುದು. ಮೂರೇ ವಾಕ್ಯದ ಕತೆಯಾದರೂ ಆಗುತ್ತೆ. ಗುಬ್ಬಿಯಾಗಿ ನಿಂತ ಮಗು "ನಾನೀಗ ಏನ್ ಮಾಡ್ಲಿ?" ಅಂತ ಕೇಳಿದರೆ ಕತೆ ಹೇಳಿದ ಮಗುವೇ ಉತ್ತರಿಸಲಿ. ಬಿಟ್ಟುಹೋದ ಕೊಂಡಿ ಆಗ ಬಾಯಿಗೆ ಬರುತ್ತೆ. ಅದನ್ನೂ ಅದೇ ಪುಟದಲ್ಲಿ ಬರೆದಿಡಿ.